ಅಗುಳಿ ಹಾಕುವ ಮುನ್ನ ಒಂದು ಹೂಂ

ಗಾಳಿಹಟ್ಟಿ,
೨೩೧೪, ಫೆಬ್ರವರಿ ೩೦

ಹಿಂದಿನ ಕಾಲದ ಚರ್ಚಾವೇದಿಕೆಗಳನ್ನು ಕಾಯುವ ಮಾಡರೇಟರ್ ಅಣ್ಣಂದಿರಿಗೂ ಅಕ್ಕಂದಿರಿಗೂ ಪಾಲಯ್ಯನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ಎಷ್ಟು ಕಾಲ ಗಿಡ್ಡಗಿರಬೇಕು? ನನ್ನ ಮಾತೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಚರ್ಚೆಗಳನ್ನು ಓದಿ. ನಡುವೆ ಎಲ್ಲಾದರೂ ಬೈಗುಳ ನುಸುಳಿದ್ದರೆ ಕ್ಷಮಿಸಿ.

ನಮ್ಮ ಊರು ನಿಮ್ಮ ಕಾಲದ ಗಾಳಿಯಂತ್ರಗಳ ಬುಡದಲ್ಲಿ ಬೆಳೆದದ್ದು. ಉದುರಿದ ರೆಕ್ಕೆಗಳನ್ನು ಬೋರಲು ಹಾಕಿ ಮನೆಗಳಿಗೆ ಸೂರು ಮಾಡಿಕೊಂಡಿದ್ದೇವೆ. ಮಳೆ ಬಂದರೆ ಊರಿಗೆ ಊರೇ ತಮಟೆಯಾಗುತ್ತದೆ. ಈ ಬಯಲಿನ ಅಷ್ಟೂ ಹಟ್ಟಿಯವರು ತಮ್ಮ ತಮ್ಮ ಮನೆಯಲ್ಲೇ ಕುಳಿತು ಸೇರುವ ಜಾಗಕ್ಕೆ ಮಾತುಕಟ್ಟೆ ಎನ್ನುತ್ತೇವೆ. ನಿಮ್ಮ ವೇದಿಕೆಯೇ ಅದು, ಆದರೆ ಬರಹ ಕಡಿಮೆ, ದನಿ ಹೆಚ್ಚು. ಯಾರೋ ರೊಟ್ಟಿ ತಟ್ಟುತ್ತಾ ಮಾತಾಡುತ್ತಾರೆ, ಇನ್ಯಾರದೋ ಮೇಕೆ ನಡುವೆ ಬಾಯಿ ಹಾಕುತ್ತದೆ. ಒಂದು ಪ್ರಶ್ನೆಯ ಸುತ್ತ ಬೆಳೆಯುವ ಚರ್ಚೆಗೆ ಎಳೆ ಎಂದು ಹೆಸರು. ಅದನ್ನು ಮುಚ್ಚುವುದಕ್ಕೆ ಅಗುಳಿ ಹಾಕುವುದು ಎನ್ನುತ್ತೇವೆ. ಹೋದ ವರ್ಷದಿಂದ ಅಗುಳಿ ನಮ್ಮ ಅತ್ತಿಗೆ ಓಬಕ್ಕನ ಕೈಯಲ್ಲಿದೆ.

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಾತುಕಟ್ಟೆಗೂ ಅದೇ ಕಟ್ಟಳೆ. ನಿಮ್ಮ ಮಾತು ಆಡುವ ಮೊದಲು ಹಿಂದಿನವರು ಹೇಳಿದ್ದನ್ನು ಒಂದು ಸಾಲಿನಲ್ಲಿ ತಿರುಗಿ ಹೇಳಬೇಕು, ಅದೇ ಹೂಂ. ಜಗಳ ಎಷ್ಟೇ ಬಿಸಿಯಾಗಲಿ, ಹೂಂ ಇರುವ ತನಕ ಎಳೆ ತೆರೆದಿರುತ್ತದೆ. ಹೂಂ ನಿಂತರೆ ಅಗುಳಿ. ಆದರೆ ಅಗುಳಿ ಹಾಕುವವರು ಮೊದಲು ಆ ಎಳೆ ಬಿಚ್ಚಿದವರ ಮೊದಲ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಇದೇನು ಅಜ್ಜಿಕಾಲದ ಶಾಸ್ತ್ರ ಎಂದು ನಾನೂ ಗೊಣಗಿದವನೇ.

ಹೋದ ಬೇಸಿಗೆಯಲ್ಲಿ ತುಗಲೀಹಟ್ಟಿಯ ದುಗ್ಗಮ್ಮ ಒಂದು ಎಳೆ ಬಿಚ್ಚಿದಳು. ಅವಳ ಹಟ್ಟಿಗೆಲ್ಲ ಉಳಿದಿದ್ದು ಒಂದೇ ಜೇನುಪೆಟ್ಟಿಗೆ. ಅದರ ಹುಳುಗಳೂ ಹಾರಿಹೋಗುವ ಸೂಚನೆ ತೋರುತ್ತಿದ್ದವು. ಅವು ಹೋದರೆ ಹೂಬಿಟ್ಟ ಕುಂಬಳ ಕಾಯಿ ಕಚ್ಚುವುದಿಲ್ಲ, ಮಳೆಗಾಲಕ್ಕೆ ಹಟ್ಟಿಯವರಿಗೆ ಊಟವಿಲ್ಲ. ನಮ್ಮ ಕಾಟಯ್ಯ ಬಂದವನೇ, ಹೊಸ ಗಾಳಿಯಂತ್ರದ ಗುಂಯ್ ಸದ್ದಿಗೆ ಜೇನು ಓಡುತ್ತವೆ ಎಂದ. ಆ ಯಂತ್ರ ನೆಟ್ಟವನೇ ಜಂಬಣ್ಣ, ಬಿಡುತ್ತಾನೆಯೇ?

"ಸದ್ದಿಗೆ ಓಡೋದಾದ್ರೆ ನಿನ್ ಗೊರಕೆಗೆ ನಿಮ್ಮನೇರು ಎಂದೋ ಓಡ್ಬೇಕಿತ್ತು ಬಿಡು!"

"ನಮ್ಮನೇರ್ ಸುದ್ದಿಗ್ ಬರ್ಬ್ಯಾಡ ಜಂಬಣ್ಣ, ನೆಟ್ಟಗಿರಲ್ಲ."

ಅಲ್ಲಿಂದ ಮುಂದೆ ಹಟ್ಟಿಗೆ ಹಟ್ಟಿ, ಅಜ್ಜನಿಗೆ ಅಜ್ಜ ಎಳೆದು ತಂದು ಬೈದಾಟ. ಹೂಂ ಎನ್ನುವವರೇ ಇಲ್ಲ. ಓಬಕ್ಕ ಸೆರಗು ಸಿಕ್ಕಿಸಿಕೊಂಡು, "ಸಾಕು ಕಣ್ರಪ್ಪ, ಅಗುಳಿ ಹಾಕ್ತೀನಿ" ಎಂದಳು. ದುಗ್ಗಮ್ಮ ಮೂಗು ಸೆಳೆದುಕೊಂಡದ್ದು ಎಲ್ಲರ ಮನೆಯಲ್ಲೂ ಕೇಳಿಸಿತು.

ಕಟ್ಟಳೆಯಂತೆ ಓಬಕ್ಕ ದುಗ್ಗಮ್ಮನ ಮೊದಲ ಮಾತು ಹೇಳತೊಡಗಿದಳು: "ಜೇನು ನಿಲ್ತಿಲ್ಲ. ಗೂಡಿನ ಎರಿಯ ಮೂಲೇಲಿ ಜೇಡರ ಬಲೆ ಥರ ಕಟ್ಟೈತೆ. ಏನ್ ಮಾಡ್ಲಿ?"

"ತಡಿಯಕ್ಕ, ತಡಿ," ಕಾಟಯ್ಯನ ದನಿ ಇಳಿದಿತ್ತು. "ಬಲೆ ಅಂದ್ಲಾ?"

"ಮೊದಲ್ನೇ ಮಾತೇ ಅದಲ್ವೇನಣ್ಣ? ಯಾರ್ ಕೇಳಿಸ್ಕಂಡ್ರಿ?" ಎಂದಳು ದುಗ್ಗಮ್ಮ.

"ಅಯ್ಯೋ ತಾಯಿ, ಅದು ಎರಿ ತಿನ್ನೋ ಮೇಣದ ಹುಳ! ಬಲೆ ಕಟ್ಟಿದ ಎರಿ ತೆಗ್ದು ಆಚೆ ಹಾಕು. ಪೆಟ್ಟಿಗೆ ಬಿರುಕು ಮುಚ್ಚು. ಈಗ್ಲೇ ಹೋಗು."

ಈಗ ಜಂಬಣ್ಣನೇ, "ಹೂಂ, ಮೇಣದ ಹುಳ. ನಮ್ಮಲ್ಲೂ ಬಂದಿತ್ತು. ಎರಿ ತೆಗ್ಯೋಕೆ ನಾನೂ ಬರ್ತೀನಿ ನಡಿ" ಎಂದ. ಗಾಳಿಯಂತ್ರದ ವಾದಕ್ಕೆ ಓಬಕ್ಕ ಬೇರೆ ಎಳೆ ತೆರೆದುಕೊಟ್ಟಳು. ಅದು ಇವತ್ತಿಗೂ ಜೋರಾಗಿ ನಡೆಯುತ್ತಿದೆ, ಹೂಂ ಸಮೇತ. ದುಗ್ಗಮ್ಮನ ಎಳೆಗೆ ಅಗುಳಿ ಬಿದ್ದದ್ದು ಕುಂಬಳ ಕಾಯಿ ಕಚ್ಚಿದ ಮೇಲೆ. "ಹೂಂ ಅಕ್ಕ, ಇನ್ ಹಾಕು" ಎಂದು ಹೇಳಿದವಳು ಅವಳೇ.

ನಿಮ್ಮ ಹಳೆಯ ಚರ್ಚೆಗಳಲ್ಲಿ ಒಂದು ನನ್ನನ್ನು ಬಿಡುತ್ತಿಲ್ಲ. ಹಸುಗೂಸು ಹಾಲು ಹಿಡಿಯುತ್ತಿಲ್ಲ, ಏನು ಮಾಡಲಿ ಎಂದು ಯಾರೋ ತಾಯಿ ಕೇಳಿದ್ದಾಳೆ. ಉಳಿದದ್ದೆಲ್ಲ ಯಾರ ಭಾಷೆ ಶುದ್ಧ ಎಂಬ ಕಾದಾಟ. ಕೊನೆಯಲ್ಲಿ, 'ಈ ಚರ್ಚೆಯನ್ನು ಮುಕ್ತಾಯಗೊಳಿಸಲಾಗಿದೆ.' ಮುಚ್ಚಿದವರನ್ನು ನಾನು ದೂರುವುದಿಲ್ಲ. ಅಷ್ಟು ಕೂಗಾಟವನ್ನು ದಿನವಿಡೀ ಕೇಳುವ ಕಿವಿಗೂ ದಣಿವಿದೆ. ಆದರೆ ಮಗು ಹಾಲು ಹಿಡಿಯಿತೇ? ಇಷ್ಟು ದೂರದಲ್ಲಿ ಕುಳಿತು ನಾನು ಇನ್ನೂ ಕೇಳಿಕೊಳ್ಳುತ್ತೇನೆ.

ಆದ್ದರಿಂದ ಒಂದೇ ಬೇಡಿಕೆ. ಮುಚ್ಚುವಾಗ ಖಂಡಿತ ಮುಚ್ಚಿ, ಕೂಗಾಟಕ್ಕೆ ಬೇರೆ ಜಗುಲಿ ಕೊಡಿ. ಆದರೆ ಅಗುಳಿಗೆ ಕೈ ಹಾಕುವ ಮುನ್ನ ಮೊದಲು ಕೇಳಿದವರ ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿ.

ಈ ಕಾಗದವೂ ನಮ್ಮ ಲೆಕ್ಕದಲ್ಲಿ ಒಂದು ಎಳೆಯೇ. ಓಬಕ್ಕನಿಗೆ ಹೇಳಿ ತೆರೆದೇ ಇಡಿಸಿದ್ದೇನೆ. ಆ ತಾಯಿ ನಿಮ್ಮ ಕಾಲದವಳು, ಅವಳ ಮನೆ ನಿಮಗೇ ಹತ್ತಿರ. ಮಗು ಹಾಲು ಹಿಡಿಯಿತೇ ಎಂದು ಹೋಗಿ ವಿಚಾರಿಸಿ, ಆಮೇಲೆ ಹೂಂ ಅನ್ನಿ.