ಹೊರಳಿ ನೋಡುವ ಚಿಗರಿ

ರಾಣೆಬೆನ್ನೂರು, ಫೆಬ್ರುವರಿ ೧೯೮೮

ಅಕ್ಕ, ನಮಸ್ಕಾರ. ನೀರು ಉಪ್ಪು, ಚಹಾ ಕಪ್ಪು, ಈ ಊರಿಗೆ ವರ್ಗ ಕೇಳಿದ್ದೇ ತಪ್ಪು.

ಹರಣಶಿಕಾರಿ ಕುಲದ ಹುಲಗಪ್ಪ ಚಿಗರಿ ಬೇಟೆಯಾಡಿ ಜೈಲು ಕಂಡವನು. ಅಲ್ಲಿ ಇದ್ದಿಲಿನಿಂದ ಗೋಡೆ ತುಂಬ ಚಿಗರಿ ಬರೆದನಂತೆ. ಬಿಡುಗಡೆಯಾದ ಮೇಲೆ ನಮ್ಮ ಶಾಲೆಯ ಗೋಡೆಗೂ ಅವನಿಂದ ಬರೆಸಿದೆ. ಇಡೀ ಹಿಂಡು ಕತ್ತು ಹೊರಳಿಸಿ ನಮ್ಮನ್ನೇ ನೋಡುತ್ತದೆ.

“ಒಂದಾದ್ರೂ ಮುಂದ ನೋಡಬಾರದೇನೋ?” ಎಂದೆ.

“ನನ್ನ ಕಂಡ ಚಿಗರಿ ಎಲ್ಲಾ ಹೊಳ್ಳಿ ನೋಡಕೋತನ ಓಡ್ಯಾವ್ರಿ ಮಾಸ್ತರ. ಬ್ಯಾರೆ ಮಾರಿ ನಾ ಕಂಡಿಲ್ಲ.”

ನಿನ್ನೆ ಕಾಡಿನ ಗಾರ್ಡ್ ಬಂದು ಗೋಡೆಯನ್ನು ಬಹಳ ಹೊಗಳಿದ. ಆಮೇಲೆ ಹಿಂಡಿನ ಒಂದು ಚಿಗರಿಯ ಮೇಲೆ ಬೆರಳಿಟ್ಟು, “ಈ ಒಂಟಿ ಕೋಡಿಂದು ಹ್ವಾದ ತಿಂಗಳ ಕೋಡ ಮುರಕೊಂಡೈತ್ರಿ. ಅಂದ್ರ ಈ ಮಗಾ ಮತ್ತ ಕಾಡಿನ್ಯಾಗ ಹೊಕ್ಕಾನ” ಎಂದು ಅವನನ್ನು ಹಿಡಿದೊಯ್ದ. “ನೋಡಾಕಷ್ಟ ಹೋಗಿದ್ನ್ರಿ” ಎಂದು ಹುಲಗಪ್ಪ ಕೂಗಿದ್ದನ್ನು ಯಾರೂ ಕೇಳಲಿಲ್ಲ. ನನ್ನ ಮಾತೂ ನಡೆಯಲಿಲ್ಲ. ಜೀಪಿನಿಂದ ಅವನು ಕತ್ತು ಹೊರಳಿಸಿ ನನ್ನನ್ನೇ ನೋಡಿದ.

ನನ್ನ ಕೆಮ್ಮು ಕಡಿಮೆ. ಇವತ್ತು ಕೊನೆಗೆ ಪ್ರಾಸ ಹೊಂದಲಿಲ್ಲ, ಕಾರ್ಡೂ ತುಂಬಿತು.

ನಿನ್ನ ತಮ್ಮ,
ಕೃಷ್ಣಾಜಿ