ಪುರಸಭೆಗೊಂದು ಸ್ಮಶಾನ

ಮಾರ್ಚ್ 4

ಮಂಜು. ಮಟಾಟು ವ್ಯಾನ್ ತಡ, ಅದರಲ್ಲಿ ನನ್ನ ಅಂಗಡಿಗೆ ಬರುವ ಪೇಪರ್ ಕಟ್ಟೂ ತಡ. ಗಿರಾಕಿಗಳು ಬೈದದ್ದು ನನ್ನನ್ನು.

ಮಧ್ಯಾಹ್ನ ಜಿಲ್ಲಾ ಅಧಿಕಾರಿ ಬಂದ. ನಮ್ಮ ಕಪ್ಲೆಲ್ ಪೇಟೆ ಪುರಸಭೆಯಾಗಲು ಸ್ಮಶಾನ ಬೇಕಂತೆ. ತೋರಿಸಿದೆವು — ಬೇಲಿ, ಗೇಟು, ಬೀಗ, ಎಲ್ಲ ಇದೆ.

"ಯಾರನ್ನ ಹೂಳಿದೀರಿ?"

ಯಾರನ್ನೂ ಇಲ್ಲ. ಇಲ್ಲಿ ಯಾರೇ ಸತ್ತರೂ ಹೆಣ ಲಾರಿ ಹತ್ತಿ ಹುಟ್ಟೂರಿಗೆ, ಅಪ್ಪನ ಹೊಲಕ್ಕೆ ಹೋಗುತ್ತದೆ. ಪೇಟೆಯಲ್ಲಿ ಮಣ್ಣಾಗುವವನು ದಿಕ್ಕಿಲ್ಲದವನು.

"ಹೆಣ ಬೇಡ. ಒಂದು ಮನೆಯವರಾದ್ರೂ ಮುಂದೆ ಬಂದು ಜಾಗ ಕೇಳ್ಲಿ. ತಿಂಗಳ ಕೊನೇಲಿ ಬರ್ತೀನಿ."

ಇಲ್ಲದಿದ್ದರೆ ಪುರಸಭೆ ಪಕ್ಕದ ಊರಿಗೆ. ಜೊತೆಗೆ ನಮ್ಮ ನೀರಿನ ಪೈಪೂ.

ಮಾರ್ಚ್ 6

ಊರ ಸಮಿತಿ ಸಭೆ. ನಾನು ಕಾರ್ಯದರ್ಶಿ. ನಾನು ಇಲ್ಲಿಗೆ ಬಂದಾಗ ಇದ್ದದ್ದು ಪೊಲೀಸ್ ಠಾಣೆ, ಹಾಲಿನ ಡೇರಿ, ಎರಡು ಬಾರು. ಈಗ ಬಾರುಗಳ ಲೆಕ್ಕ ಬಿಟ್ಟಿದ್ದೇನೆ. "ಇದು ನಮ್ಮೂರು" ಎಂದು ಎಲ್ಲರ ಭಾಷಣ.

ಅಧ್ಯಕ್ಷೆ ಜೆಬಿವೋಟ್: "ಹಾಗಾದ್ರೆ ಇಲ್ಲಿ ಮಲಗೋರು ಯಾರು?"

ಎಲ್ಲರೂ ಚಹಾ ಕುಡಿದರು.

"ಮೊದಲು ನೀವೇ ಹೇಳಿ, ಅಧ್ಯಕ್ಷರೇ," ಹಿಂದಿನಿಂದ ಯಾರೋ.

"ನನ್ನ ಗಂಡ ಆಗ್ಲೇ ಹೊಲದಲ್ಲಿ ಮಲಗಿದಾರಪ್ಪ. ಕಾಯ್ತಾ ಇದಾರೆ."

ಮಾರ್ಚ್ 9

ಚಪ್ಪಲಿ ಹೊಲಿಯುವ ಮುದುಕ ಒಂಬಾಟಿ ಒಪ್ಪಿದ! "ನಾನಿದೀನಲ್ಲ. ಆದ್ರೆ ಬದುಕಿರೋವರ್ಗೂ ಸ್ವಲ್ಪ ನೋಡ್ಕೊಳ್ಳಿ." ಸಮಿತಿಯಿಂದ ದಿನಾ ಉಗಾಲಿ ಮುದ್ದೆ, ಮೇಕೆ ಸಾರು.

ಮಾರ್ಚ್ 17

ಒಂಬಾಟಿಗೆ ಮೈ ಬಂದಿದೆ. ಸ್ಮಶಾನದ ಗೇಟಿಗೆ ಹಸಿರು ಬಣ್ಣ ಬೇಕಂತೆ. ಹೊಡೆಸಿದೆವು.

ಮಾರ್ಚ್ 26

ಕೆಟ್ಟ ದಿನ. ಹುಟ್ಟೂರು ಕಿಸಿಯಿಂದ ಒಂಬಾಟಿಯ ಮಕ್ಕಳು ಪಿಕಪ್ ತಂದರು. "ಯಾರ್ರೀ ನಮ್ಮಪ್ಪನ್ನ ಅನಾಥ ಮಾಡಿದ್ದು? ನಮಗೆ ಬಾಳೆ ತೋಟ ಇಲ್ವಾ?" ಅಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವನು ಕಿಟಕಿಯಿಂದ: "ಕಾರ್ಯದರ್ಶೀ, ಇವತ್ತಿನ ಸಾರು ಕಟ್ಟಿಕೊಡಿ."

ಕೊಟ್ಟೆ.

ಮಾರ್ಚ್ 29

ನಾಳೆ ಅಧಿಕಾರಿ. ಮೂರು ದಿನ ಮನೆಮನೆ ಸುತ್ತಿದ್ದಾಯಿತು. ಎರಡು ಕಡೆ ನಾಯಿ ಬಿಟ್ಟರು. ಊಟದ ಹೊತ್ತಿಗೆ ಹೆಂಡತಿ ನಸಾಂಬು ಶುರು ಮಾಡಿದಳು.

"ಕಂಡೋರನ್ನ ಹೂಳಕ್ಕೆ ಓಡಾಡ್ತೀರಲ್ಲ ಬರಾಸಾನ ಅಪ್ಪಾ, ನಿಮಗೇನಾಗಿದೆ?"

"ಬುಂಗೋಮಾದಲ್ಲಿ, ಅಪ್ಪನ ಹೊಲದಲ್ಲಿ ಅಣ್ಣ ನಮಗೆ ಜಾಗ ಇಟ್ಟಿದಾನೆ."

"ನನ್ನ ಕೇಳಿದ್ನಾ? ನಾನು ಮೂರು ಹೆತ್ತಿದ್ದು ಈ ಊರಲ್ಲಿ. ಇನ್ನು ಅಲ್ಲಿ ಹೋಗಿ ನಿಮ್ಮತ್ತಿಗೆ ಪಕ್ಕ ಮಲಗ್ಬೇಕಾ? ಕ್ರಿಸ್‌ಮಸ್ಸಿಗೆ ಎರಡು ದಿನ ಹೋದ್ರೇ ತಡ್ಕೊಳಕ್ಕಾಗಲ್ಲ!"

ತಟ್ಟೆ ಹಿಡಿದು ಜಗಲಿಗೆ ಎದ್ದು ಹೋದೆ.

ಮಾರ್ಚ್ 30, ಸಂಜೆ

ಅಧಿಕಾರಿ ಗೇಟಿನೊಳಗೆ ಕಾಲಿಡುವ ಮೊದಲೇ ನಸಾಂಬು ಒಳಗಿದ್ದಳು. ಕೆಳಗಡೆ ನೀರು ನಿಲ್ಲುತ್ತದೆಂದು ದಿಬ್ಬದ ಮೇಲೆ ಹೋಗಿ ನಿಂತಳು. "ಇಲ್ಲಿ. ಇಬ್ಬರಿಗೆ."

ಅಧಿಕಾರಿ ನನ್ನ ಮುಖ ನೋಡಿದ. ಇಡೀ ಸಮಿತಿ ನೋಡಿತು. ಅಪ್ಪನ ಹೊಲ ಕಣ್ಣ ಮುಂದೆ ಬಂತು... ಹ್ಞೂಂ ಎಂದು ತಲೆಯಾಡಿಸಿದೆ. ಚಪ್ಪಾಳೆ. ಪುರಸಭೆ ನಮ್ಮದು!

ಅಣ್ಣನ ಫೋನು. ಬುಂಗೋಮಾಕ್ಕೆ ಸುದ್ದಿ ಮುಟ್ಟಿಸಿದವರು ಯಾರೋ. ಎತ್ತಿಲ್ಲ. ಏನೆಂದು ಹೇಳಲಿ — ಅಣ್ಣಾ, ನಾನು ಬರಲ್ಲ ಅಂತಲೇ? ಮತ್ತೆ ಹೊಡೆಯುತ್ತಿದೆ.

"ನೀವು ಎತ್ತಲ್ವಾ? ಕೊಡಿ ಇಲ್ಲಿ. ನಿಮ್ಮತ್ತಿಗೇನೂ ಪಕ್ಕದಲ್ಲೇ ಇರ್ತಾಳೆ, ಒಟ್ಟಿಗೇ ಹೇಳ್ತೀನಿ." ನಸಾಂಬು ಒದ್ದೆ ಕೈ ಒರೆಸಿಕೊಂಡು ಬರುತ್ತಿದ್ದಾಳೆ. ಅದಕ್ಕಿಂತ ನಾನೇ ಎತ್ತುವುದು ವಾಸಿ —