ಹುಳುವಿನ ಮನೆಯ ಮೇಲಿನ ನೆಟ್ಟು

ಕಲ್ಯ, ಮಾಗಡಿ ತಾಲ್ಲೂಕು
೨೭ ಏಪ್ರಿಲ್ ೨೦೦೮, ಭಾನುವಾರ

ಮುದ್ದಿನ ಸೊಸೆ ಶ್ವೇತಾ,

ಹೇಗಿದ್ದೀಯಮ್ಮ? ಕೂಸು ಹೇಗಿದೆ? ಹಾಲು ಸಾಕಾಗುತ್ತಿದೆಯಾ? ಸಬ್ಬಸಿಗೆ ಸೊಪ್ಪು ಕಂಡರೆ ನಿನಗಾಗದು, ಗೊತ್ತು. ಮೂಗು ಮುಚ್ಚಿಕೊಂಡಾದರೂ ತಿನ್ನು. ನಿಮ್ಮಮ್ಮ ಎರೆಯುವ ನೀರು ಸುಡುತ್ತದೆ ಅಂತ ಗೋಳಾಡಿದೆಯಂತೆ, ನನ್ನ ಮಗರಾಯ ಅನಂತರಾಜು ಹೇಳಿ ನಕ್ಕ. ಬಾಣಂತಿ ಮೈಗೆ ಅಷ್ಟು ಬಿಸಿ ಬೇಕೇ ಬೇಕು, ಈ ವಿಷಯದಲ್ಲಿ ನಾನು ನಿಮ್ಮಮ್ಮನ ಕಡೆ. ಕೂಸಿನ ಮೂಗು ನಮ್ಮ ಕಡೆಯದೋ ನಿಮ್ಮ ಕಡೆಯದೋ, ಒಂದು ತಿಂಗಳಾದರೂ ಯಾರೂ ಸರಿಯಾಗಿ ಹೇಳುತ್ತಿಲ್ಲ. ನಿನ್ನ ಗಂಡನನ್ನು ಕೇಳಿದರೆ 'ಮೂಗಿನಂಗೇ ಐತೆ' ಅನ್ನುತ್ತಾನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಾವನ ಮಂಡಿನೋವು ಹಾಗೇ ಇದೆ, ಆದರೂ ಏಣಿ ಹತ್ತುವುದನ್ನು ಬಿಟ್ಟಿಲ್ಲ. ಆ ಏಣಿಯ ಕಥೆಯನ್ನೇ ಈಗ ಹೇಳಬೇಕು.

ನಿನ್ನ ಕಾಗದ ಬಂತು. ಓದಿ ಸಿಟ್ಟು ಬಂತು, ಸಂಕಟವೂ ಆಯಿತು. 'ಸೆಂಟರ್ ಹೋದರೆ ಹೋಗಲಿ ಅತ್ತೆ, ಇನ್ನು ಕೂಸು ನೋಡಿಕೊಂಡು ಇದ್ದುಬಿಡುತ್ತೇನೆ' ಅಂತ ಬರೆದಿದ್ದೀಯ. ಅದನ್ನು ಬರೆಯುವಾಗ ನೀನು ಅತ್ತಿರುತ್ತೀಯ, ನನಗೆ ಗೊತ್ತಿಲ್ಲವಾ? ನಮ್ಮ ನಡುಮನೆಗೆ ಕಂಪ್ಯೂಟರ್ ತರಿಸಿ, ಊರಿನ ಹೆಣ್ಣುಮಕ್ಕಳಿಗೆ ಟೈಪು ಕಲಿಸಿ, ಬೆಂಗಳೂರಿನ ಕಂಪನಿಯ ಕೆಲಸವನ್ನು ಕಲ್ಯಕ್ಕೆ ತಂದವಳು ನೀನು. ರಸ್ತೆ ಅಗಲ ಮಾಡುವವರು ಟೆಲಿಫೋನ್ ಕೇಬಲ್ ಕಿತ್ತೆಸೆದರು, ಇಂಟರ್ನೆಟ್ಟು ನಿಂತಿತು. ಹೊಸ ಕೇಬಲ್ ಯಾವಾಗ ಅಂತ ಕೇಳಿದರೆ ಮಳೆಗಾಲ ಕಳೀಲಿ ಅಂದರು. ಏಪ್ರಿಲ್ ಮುಗಿಯುವುದರೊಳಗೆ ನೆಟ್ಟು ಬಾರದಿದ್ದರೆ ಕಂಪ್ಯೂಟರ್ ವಾಪಸ್ ಒಯ್ಯುತ್ತೇವೆ ಅಂತ ಕಂಪನಿಯವರು ಅಂದದ್ದನ್ನು ಕೇಳಿಕೊಂಡೇ ನೀನು ಹೆರಿಗೆಗೆ ಹೋದೆ. ಭಾನುಪ್ರಿಯ ಮತ್ತು ಮಿಕ್ಕ ಹುಡುಗಿಯರು ಗಾರ್ಮೆಂಟ್ಸ್ ಕೆಲಸಕ್ಕೆ ಕರೆದೊಯ್ಯುವ ವ್ಯಾನಿನ ಹೊತ್ತು ವಿಚಾರಿಸಲು ಶುರು ಮಾಡಿದ್ದರು.

ಕೇಳು, ಸೆಂಟರ್ ಎಲ್ಲಿಗೂ ಹೋಗಲಿಲ್ಲ. ಅನಂತರಾಜು ಬಿಡದಿ ಫ್ಯಾಕ್ಟರಿಯಿಂದ ಫೋನು ಮಾಡಿ 'ಸರಿಹೋಯ್ತು' ಅಂತಷ್ಟೇ ಹೇಳಿರುತ್ತಾನೆ. ಆ ಒಂದು ಮಾತಿನ ಹಿಂದೆ ನಾವು ಪಟ್ಟ ಪಾಡು ನನ್ನಿಂದ ಕೇಳು.

ಕೇಬಲ್ಲೇ ಬೇಡ, ಕುದೂರಿನ ಟವರಿನಿಂದ ಗಾಳಿಯಲ್ಲೇ ನೆಟ್ಟು ಬರುತ್ತದೆ ಅಂತ ಚನ್ನಪಟ್ಟಣದ ಸಮದ್ ಅನ್ನುವವರು ಬಂದರು. ಮನೆ ಮೇಲೆ ಒಂದು ಬಿಳಿ ಪೆಟ್ಟಿಗೆ ಕಟ್ಟಬೇಕು, ಅದರ ಮುಖಕ್ಕೆ ಟವರು ಕಾಣಬೇಕು, ನಡುವೆ ಏನೂ ಅಡ್ಡ ಇರಕೂಡದು. ನಮ್ಮ ಮನೆ ಮಾಳಿಗೆಯಿಂದ ನೋಡಿದರೆ ಬರೀ ಹುಣಸೆ ತೋಪು. ಹಿತ್ತಲಿನ ಹುಳುವಿನ ಮನೆಯ ಮೇಲಿಂದ ಮಾತ್ರ ಟವರು ಕಂಡಿತು. ಆದರೆ ರೇಷ್ಮೆ ಹುಳುಗಳು ಪೊರೆ ಬಿಡುವ ಮೂರನೇ ಜ್ವರಕ್ಕೆ ಕೂತು, ಸೊಪ್ಪು ಮುಟ್ಟದೆ ಮಲಗಿದ್ದವು. ಅಲುಗಾಡಿಸಲೇಬಾರದ ಆ ಹೊತ್ತಿನಲ್ಲಿ ಗೋಡೆಗೆ ಡ್ರಿಲ್ ಹಾಕುವುದೆಂದರೆ! ನಿಮ್ಮ ಮಾವ ಬಾಗಿಲಿಗೆ ಅಡ್ಡ ನಿಂತು, 'ಹುಳ ಜ್ವರ ಏಳೋಗಂಟ ನನ್ ಹೆಣದ್ ಮೇಲೂ ಹತ್ತಬ್ಯಾಡಿ' ಅಂದರು. ಪಾಪ, ಸಮದರ ಅತ್ತೆ ಮನೆಯಲ್ಲೂ ಹುಳು ಸಾಕುತ್ತಾರಂತೆ, ಜ್ವರ ಎದ್ದ ಮೇಲೆ ಬರುತ್ತೇನೆ ಅಂತ ಹೋದರು. ಹುಳು ಎದ್ದು ಸೊಪ್ಪು ತಿನ್ನಲು ಶುರು ಮಾಡಿದ ಮೇಲೆ ಬಂದು, ಹುಳುವಿಗೆ ಸೋಂಕು ತಗುಲದಂತೆ ಕಾಲು ತೊಳೆದು, ಸುಣ್ಣದ ಪುಡಿ ತುಳಿದು, ಮೇಲೆ ಹತ್ತಿ ಕಂಬ ನೆಟ್ಟರು. ನೆಟ್ಟು ಬಂದೇ ಬಂತು. ಹುಡುಗಿಯರು ಕಿರುಚಿದ ಸದ್ದಿಗೆ ಕೋಳಿಯೆಲ್ಲ ಬೇಲಿ ಹಾರಿದವು.

ಆ ಸಂತೋಷ ಮಾರನೆಯ ದಿನಕ್ಕೇ ಹೋಯಿತು. ಬೆಳಗ್ಗೆ ಚೆನ್ನಾಗಿ ಬರುವುದು, ಬಿಸಿಲೇರಿತು ಅಂದರೆ ನಿಂತೇ ಹೋಗುವುದು, ಮತ್ತೆ ಸಂಜೆಯ ಮೇಲೆ ಬರುವುದು. ದಿನವೂ ಇದೇ ರಾಮಾಯಣ. ಬಿಸಿಲಿಗೆ ಪೆಟ್ಟಿಗೆ ಕೆಟ್ಟಿತು ಅಂದರು ಒಬ್ಬರು, ಕಣ್ಣು ಬಿತ್ತು ಅಂದರು ಇನ್ನೊಬ್ಬರು. ಇಂಥ ನೆಟ್ಟು ನಂಬಿ ಕೆಲಸ ಕೊಡಲಾಗದು, ಶನಿವಾರ ಬಂದು ಕಂಪ್ಯೂಟರ್ ತುಂಬಿಕೊಂಡು ಹೋಗುತ್ತೇವೆ ಅಂತ ಕಂಪನಿಯಿಂದ ಮಾತು ಬಂತು. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಸೊಸೆಗೆ ಏನಂತ ಬರೆಯಲಿ ಅನ್ನುವುದೊಂದೇ ಚಿಂತೆ.

ಶುಕ್ರವಾರ ಮಟಮಟ ಮಧ್ಯಾಹ್ನ ಸಮದ್ ಬಂದು ಏಣಿ ಹತ್ತಿದರು. ಆಮೇಲೆ ನೋಡಿದರೆ ಹುಳುವಿನ ಮನೆ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ! ಪೆಟ್ಟಿಗೆಗೆ ತೊಟ್ಟಿಕ್ಕುವ ಒದ್ದೆ ಗೋಣಿಚೀಲ ಹೊದಿಸಿ ಹುರಿಯಿಂದ ಬಿಗಿದಿತ್ತು. ಇನ್ಯಾರು, ನಿಮ್ಮ ಮಾವನೇ. 'ಮುಟ್ಟುದ್ರೆ ಸುಡ್ತಿತ್ತು ಕಣಪ್ಪಾ. ಹುಳಕ್ಕೆ ತಂಪಾಗ್ಲಿ ಅಂತ ಕಿಟಕಿಗೆ ಒದ್ದೆ ಗೋಣಿ ಕಟ್ಟಲ್ವಾ? ಇದ್ಕೂ ಒಸಿ ತಂಪಾಗ್ಲಿ ಅಂತ ಕಟ್ದೆ' ಅಂದರು. ಬಿಸಿಲೇರಿದಾಗ ಗೋಣಿ ನೆನೆಸಿ ಕಟ್ಟುವುದು, ಸಂಜೆ ಬಿಚ್ಚಿ ಒಣಗಹಾಕುವುದು, ಮಂಡಿನೋವಿನಲ್ಲೂ ತಪ್ಪದೆ ಮಾಡಿದ್ದಾರೆ. 'ಯಜಮಾನ್ರೇ, ಗಾಳೀಲಿ ಬರೋದು ನೀರ್ ಗೋಣಿ ದಾಟ್ಕಂಡ್ ಬರಾಕಿಲ್ಲ' ಅಂತ ಸಮದ್ ಗೋಣಿ ಬಿಚ್ಚಿದರು. ಕೆಳಗೆ ಭಾನುಪ್ರಿಯ 'ಬಂತು, ಬಂತು' ಅಂತ ಕೂಗಿಕೊಂಡಳು. ನಾನು ಬೈಯಬೇಕು ಅಂತ ಬಾಯಿ ತೆರೆದೆ. ನಿಮ್ಮ ಮಾವನ ಮುಖ ನೋಡಿ ನಗು ಬಂತು, ನಗುತ್ತಲೇ ಅತ್ತುಬಿಟ್ಟೆ.

ಶನಿವಾರ ಕಂಪನಿಯ ಮ್ಯಾನೇಜರ್ ವ್ಯಾನು ತಂದಿದ್ದರು. ಸುಡುಬಿಸಿಲು ಇಳಿಯುವ ತನಕ ಹುಡುಗಿಯರ ಪಕ್ಕದಲ್ಲೇ ಕೂತು ನೋಡಿದರು. ಒಂದು ಸಲವೂ ನಿಲ್ಲಲಿಲ್ಲ. ವ್ಯಾನು ಖಾಲಿಯೇ ಹೋಯಿತು. ನಿನ್ನೆ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ ಕಣಮ್ಮ.

ನಿಮ್ಮ ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಕೂಸಿನ ನೆತ್ತಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ಕಬ್ಬಾಳಮ್ಮ ನಿಮ್ಮಿಬ್ಬರನ್ನೂ ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಅತ್ತೆ,
ಸರಸಮ್ಮ

ತಾ.ಕ.: ನಿಮ್ಮ ಮಾವ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ, ಕುದೂರಿಗೆ ಹೋಗಿ ಇದನ್ನು ಅಂಚೆ ಡಬ್ಬಿಗೆ ಹಾಕಬೇಕಂತೆ. ಮ್ಯಾನೇಜರ್ ಹೊರಡುವಾಗ, ಸೆಂಟರ್ ನೋಡಿಕೊಳ್ಳುವವರು ಅಂತ ಭಾನುಪ್ರಿಯಳ ಹೆಸರು ಬರೆದುಕೊಳ್ಳಲೇ, ಬಾಣಂತಿ ಹೆಂಗಸು ಕೈಗೂಸು ಬಿಟ್ಟು ಹೇಗೆ ಬರುತ್ತಾರೆ, ಅಂತ ಕೇಳಿದರು. ನೀನು ಬೇಡ ಅಂತ ಬರೆದದ್ದು ಗೊತ್ತಿದ್ದೂ, 'ಬತ್ತಾಳೆ ಕಣಪ್ಪಾ, ಅವಳ ಹೆಸ್ರೇ ಬರ್ಕೊ. ಕೂಸಿಗೆ ಅಜ್ಜಿ ಇಲ್ವಾ?' ಅಂದುಬಿಟ್ಟೆ. ನಿನ್ನನ್ನು ಒಂದು ಮಾತೂ ಕೇಳಲಿಲ್ಲ, ಬೈಯುವುದಾದರೆ ಬೈ. ಮೂರು ತಿಂಗಳಿಗೋ ಐದು ತಿಂಗಳಿಗೋ, ನಿಮ್ಮಮ್ಮ ಕಳಿಸಿದಾಗ ಬಾ. ಹಾಲು ಕುಡಿಸುವುದಷ್ಟೇ ನಿನ್ನದು, ಮಿಕ್ಕಿದ್ದೆಲ್ಲ ನನ್ನದು. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಟ್ಟಿಲ್ಲ.